ಮರಳು ಕಟ್ಟಿದ ಕೆರೆ, ಕೆರೆಯಿಂದೆದ್ದ ಹಾರುದೋಣಿ

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಬೋರ್ಡೋ ನಗರದಿಂದ ದಕ್ಷಿಣಕ್ಕೆ ಬಂದರೆ, ಬಿಸ್ಕರೋಸ್ ಎಂಬ ಊರು ಸಿಗುತ್ತದೆ. ಊರಿನ ಎರಡು ಮಗ್ಗುಲಲ್ಲೂ ನೀರು. ಉತ್ತರಕ್ಕೆ ಕಾಜೋ-ಸಾಂಗಿನೆ ಸರೋವರ, ದಕ್ಷಿಣಕ್ಕೆ ಬಿಸ್ಕರೋಸ್-ಪಾರಂತಿ ಸರೋವರ, ಎರಡರ ನಡುವೆ ಒಂದು ಪುಟ್ಟ ಕೆರೆ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ನಡೆದರೆ ಅಟ್ಲಾಂಟಿಕ್ ಸಾಗರ. ಭೂಪಟದಲ್ಲಿ ನೋಡಿದವರಿಗೆ ಇವು ಕಡಲಿನ ಹಿನ್ನೀರು ಅನ್ನಿಸಬಹುದು. ಆದರೆ ಈ ಸರೋವರಗಳ ನೀರು ಸಿಹಿ, ಮತ್ತು ಅದು ನಿಂತಿರುವುದು ಕಡಲಮಟ್ಟಕ್ಕಿಂತ ಸುಮಾರು 20 ಮೀಟರ್ ಎತ್ತರದಲ್ಲಿ. ಇಷ್ಟು ಹತ್ತಿರದಲ್ಲಿ ಕಡಲಿದ್ದೂ ಈ ನೀರು ಇಳಿದು ಹೋಗದಂತೆ ತಡೆದು ನಿಲ್ಲಿಸಿರುವುದು ಮರಳು.

ಅಟ್ಲಾಂಟಿಕ್ ಗಾಳಿ ಸಾವಿರಾರು ವರ್ಷ ದಡದ ಮರಳನ್ನು ಒಳಕ್ಕೆ ತಳ್ಳಿ ದಿಬ್ಬದ ಮೇಲೆ ದಿಬ್ಬ ಕಟ್ಟಿತು. ಪೂರ್ವದ ಬಯಲಿನಿಂದ ಕಡಲಿಗೆ ಹರಿಯುತ್ತಿದ್ದ ಸಣ್ಣ ಹೊಳೆಗಳಿಗೆ ದಾರಿ ಮುಚ್ಚಿಹೋಯಿತು. ನಮ್ಮಲ್ಲಿ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟುವಂತೆ ಅಲ್ಲಿ ಗಾಳಿಯೇ ಏರಿ ಹಾಕಿತು. ಸ್ಥಳೀಯರು ಇವತ್ತಿಗೂ ಇವನ್ನು ಸರೋವರ ಅನ್ನದೆ 'ಎತಾಂ' ಅನ್ನುವುದು ಹೆಚ್ಚು. ನಮ್ಮ 'ಕೆರೆ' ಎಂಬ ಮಾತಿಗೆ ಹತ್ತಿರದ ಮಾತು ಅದು. ಇವುಗಳಲ್ಲಿ ದಕ್ಷಿಣದ ಕೆರೆ ಮುಂದೊಂದು ದಿನ ಫ್ರಾನ್ಸಿನಿಂದ ಅಮೆರಿಕಕ್ಕೆ ಹೊರಡುವ ಬಾಗಿಲಾಯಿತು. ಸುಮಾರು ಇಪ್ಪತ್ತೈದು ವರ್ಷ ನಡೆದ ಆ ಕಥೆಯೇ ನನ್ನನ್ನು ಈ ಊರಿನ ಕಡೆಗೆ ಎಳೆದದ್ದು. ಆದರೆ ಮರಳಿನ ಕಥೆ ಹೇಳದೆ ಅದನ್ನು ಹೇಳಲಾಗದು.

ಸಾಂಗಿನೆಯಲ್ಲಿ ನೀರಿನಡಿ ಊರುಗಳಿವೆ. 1970ರ ದಶಕದಿಂದ ಅಲ್ಲಿನ ಮುಳುಗುಗಾರರು ಸರೋವರದ ತಳವನ್ನು ತಡಕಿ ತಡಕಿ ಒಂದೊಂದಾಗಿ ಅವನ್ನು ಕಂಡುಹಿಡಿದರು. ಮರದ ಗೂಟಗಳ ಬೇಲಿ ಸುತ್ತಿದ್ದ ಕಬ್ಬಿಣಯುಗದ ನೆಲೆಯೊಂದು ಸಿಕ್ಕಿತು. ಅದಕ್ಕಿಂತ ಮೇಲೆ, ದಡಕ್ಕೆ ಹತ್ತಿರವಾಗಿ, ರೋಮನ್ನರ ಕಾಲದ ಲೋಸಾ ಎಂಬ ಊರು ಸಿಕ್ಕಿತು. ರೋಮನ್ ಸಾಮ್ರಾಜ್ಯದ ದಾರಿಗಳನ್ನೂ ತಂಗುದಾಣಗಳನ್ನೂ ಪಟ್ಟಿಮಾಡಿದ ಹಳೆಯ ದಾಖಲೆಯಲ್ಲಿ ಲೋಸಾದ ಹೆಸರಿದೆ. ಊರು ಎಲ್ಲಿತ್ತೆಂಬುದು ಮಾತ್ರ ಮರೆತುಹೋಗಿತ್ತು. ಅಲ್ಲೊಂದು ಪುಟ್ಟ ದೇಗುಲವೂ ಇತ್ತು. ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಗಳು 30ಕ್ಕೂ ಹೆಚ್ಚು ಸಿಕ್ಕಿವೆ. ಹಳೆಯ ಊರು ಹೆಚ್ಚು ಆಳದಲ್ಲಿ, ಹೊಸದು ಕಡಿಮೆ ಆಳದಲ್ಲಿ: ಈ ಜೋಡಣೆಯಲ್ಲೇ ಇತಿಹಾಸ ಕಾಣುತ್ತದೆ. ಮರಳು ಹೊಳೆಗೆ ಅಡ್ಡ ಬಂದಂತೆಲ್ಲ ನೀರು ಏರಿತು, ನೀರು ಏರಿದಂತೆಲ್ಲ ಜನ ಮನೆಮಠ ಬಿಟ್ಟು ಒಂದಷ್ಟು ಮೇಲೆ ಹೋಗಿ ಮತ್ತೆ ಗೂಟ ನೆಟ್ಟರು. ಒಂದೇ ಪ್ರವಾಹಕ್ಕೆ ಕೊಚ್ಚಿಹೋದ ಊರಲ್ಲ ಇದು. ಅಜ್ಜ ಉತ್ತ ಹೊಲದಲ್ಲಿ ಮೊಮ್ಮಗ ಬಲೆ ಬೀಸುವಷ್ಟು ನಿಧಾನವಾಗಿ ಬಂದ ನೀರು.

ಮರಳು ಅಷ್ಟಕ್ಕೇ ನಿಲ್ಲಲಿಲ್ಲ. ಇದೇ ಕರಾವಳಿಯ ಉತ್ತರ ತುದಿಯ ಸುಲಾಕ್ ಎಂಬಲ್ಲಿ 18ನೇ ಶತಮಾನದಲ್ಲಿ ಇಡೀ ಚರ್ಚೇ ಮರಳಿನಡಿ ಹೂತುಹೋಯಿತು. ನೂರು ವರ್ಷದ ನಂತರ ಅದನ್ನು ಅಗೆದು ತೆಗೆದರು. 18ನೇ ಶತಮಾನದ ಕೊನೆಗೆ ಬ್ರೆಮೋಂತಿಯೆ ಎಂಬ ಎಂಜಿನಿಯರ್ ದಿಬ್ಬಗಳ ಮೇಲೆ ಪೈನ್ ಬೀಜ ಬಿತ್ತಿ, ಮೊಳಕೆ ಹಾರಿಹೋಗದಂತೆ ಮೇಲೆ ಸೊಪ್ಪುಸದೆ ಹೊದಿಸಿ, ಮರಳನ್ನು ಬೇರಿನಿಂದ ಕಟ್ಟಿಹಾಕುವ ಕೆಲಸಕ್ಕೆ ತೊಡಗಿದ. ಸ್ಥಳೀಯರು ಅದಕ್ಕೂ ಮೊದಲೇ ಅಲ್ಲಲ್ಲಿ ಇದನ್ನು ಮಾಡಿ ನೋಡಿದ್ದರು. ಹೆಸರು ಬಂದದ್ದು ಅವನಿಗೆ. ದಿಬ್ಬ ನಿಂತಿತು. ಅಲ್ಲಿಂದ ಪೈನ್ ಮರ ಒಳನಾಡಿನ ಕಡೆ ನೋಡಿತು.

ಒಳನಾಡು ಅಂದರೆ ಲಾಂದ್. ಬೋರ್ಡೋದಿಂದ ದಕ್ಷಿಣಕ್ಕೆ ಹರಡಿದ ಚಪ್ಪಟೆ ಮರಳುಬಯಲು. ಮರಳಿನಡಿ ಒಂದು ಗಟ್ಟಿ ಪದರವಿದೆ, ಅದಕ್ಕೆ ಆಲಿಯೋಸ್ ಎನ್ನುತ್ತಾರೆ. ನೀರು ಅದನ್ನು ದಾಟಿ ಇಂಗುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಬಯಲೆಲ್ಲ ಜೌಗು, ಬೇಸಗೆಯಲ್ಲಿ ಕಾದ ಮರಳು. ಈ ನೆಲದಲ್ಲಿ ಬದುಕಿದವರು ಕುರಿಗಾಹಿಗಳು. ಬೆಳೆ ರೈ ಧಾನ್ಯ. ಅದು ಬೆಳೆಯಬೇಕಾದರೆ ಕುರಿಗೊಬ್ಬರ ಬೇಕು. ಕುರಿ ಮೇಯಲು ಊರ ಗೋಮಾಳ ಬೇಕು. ಕುರಿಯನ್ನು ಸಾಕುತ್ತಿದ್ದದ್ದು ಮಾಂಸಕ್ಕಿಂತ ಗೊಬ್ಬರಕ್ಕೆ. ಕುರುಬರು ಮರಗಾಲು ಕಟ್ಟಿಕೊಂಡು ಓಡಾಡುತ್ತಿದ್ದರು. ಕಾಲು ನೆನೆಯುವುದಿಲ್ಲ, ಪೊದೆ ಚುಚ್ಚುವುದಿಲ್ಲ, ದೂರದ ಕುರಿ ಕಾಣುತ್ತದೆ. ಬೆನ್ನಿಗೆ ಊರುಗೋಲು ಆನಿಸಿಕೊಂಡು, ಮೂರು ಕಾಲಿನ ಮೇಲೆ ಕೂತಂತೆ ನಿಂತು, ದಿನವಿಡೀ ಉಣ್ಣೆ ಹೆಣೆಯುತ್ತಿದ್ದರು.

ಪ್ಯಾರಿಸ್ಸಿನ ಅಧಿಕಾರಿಗಳಿಗೆ ಇದು ಮರುಭೂಮಿಯಾಗಿ ಕಂಡಿತು. ಮೂರನೇ ನೆಪೋಲಿಯನ್ನನ ಸರ್ಕಾರ 1857ರ ಜೂನ್ 19ರಂದು ಕಾನೂನು ತಂದಿತು: ಪ್ರತಿ ಊರೂ ತನ್ನ ಗೋಮಾಳದ ನೀರು ಬಸಿದು ಕಾಡು ಬೆಳೆಸಬೇಕು. ಅಷ್ಟು ಹಣ ಊರುಗಳ ಬಳಿ ಎಲ್ಲಿತ್ತು? ಗೋಮಾಳಗಳನ್ನು ಮಾರಿದರು. ಕೊಂಡವರು ಪೈನ್ ನೆಟ್ಟರು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ರಾಳ, ಟರ್ಪೆಂಟೈನ್ ಬರುವುದು ನಿಂತಿತು; ಲಾಂದಿನ ರಾಳಕ್ಕೆ ಬಂಗಾರದ ಬೆಲೆ ಬಂತು. ಮರದ ತೊಗಟೆ ಕೆತ್ತಿ, ಗಾಯದ ಕೆಳಗೆ ಮಣ್ಣಿನ ಕುಡಿಕೆ ಕಟ್ಟಿ ರಾಳ ಇಳಿಸುವುದು ಬಿಸ್ಕರೋಸಿನ ಸುತ್ತಲ ಜನರ ಮುಖ್ಯ ಕಸುಬಾಯಿತು. ಇಂದು ಸುಮಾರು 10 ಲಕ್ಷ ಹೆಕ್ಟೇರ್ ಹರಡಿರುವ ಆ ಕಾಡನ್ನು ನೋಡುವವರು ಅನಾದಿಕಾಲದ ಅರಣ್ಯ ಎಂದುಕೊಳ್ಳುತ್ತಾರೆ. ಅದರಲ್ಲಿ ಹೆಚ್ಚಿನ ಭಾಗ ಒಂದು ಕಾನೂನಿನಿಂದ ಹುಟ್ಟಿದ ತೋಪು.

ಇದರಿಂದ ನೊಂದವನೊಬ್ಬನಿದ್ದ, ಫೆಲಿಕ್ಸ್ ಆರ್ನೊದಾಂ. 1844ರಲ್ಲಿ ಇದೇ ಸೀಮೆಯ ಲಾಬುಎರ್ ಎಂಬಲ್ಲಿ ಹುಟ್ಟಿದವನು. ಕುರುಬರ ಬಯಲು ತನ್ನ ಕಣ್ಣೆದುರೇ ಮುಚ್ಚಿಹೋಗುವುದನ್ನು ತಾಳಲಾರದೆ ಸೈಕಲ್ ಮೇಲೆ ಕ್ಯಾಮೆರಾ ಹೊತ್ತು ಊರೂರು ಸುತ್ತಿದ. ಮರಗಾಲಿನ ಕುರುಬರ, ಕುರಿಹಟ್ಟಿಗಳ, ಬಾವಿಗಳ ಚಿತ್ರ ತೆಗೆದ. ಗ್ಯಾಸ್ಕನ್ ನುಡಿಯಲ್ಲಿ ಮುದುಕ ಮುದುಕಿಯರು ಹೇಳಿದ ಕಥೆ, ಹಾಡು, ಗಾದೆ ಬರೆದಿಟ್ಟ. ಕೆಲಸಬೊಗಸೆಯಿಲ್ಲದೆ ತಿರುಗುತ್ತಾನೆಂದು ಊರವರು ಅವನಿಗೆ 'ಲು ಪೆಕ್' ಎಂದು ಅಡ್ಡಹೆಸರಿಟ್ಟಿದ್ದರು, ಹುಚ್ಚ ಎಂಬರ್ಥದಲ್ಲಿ. 1921ರಲ್ಲಿ ತೀರಿಕೊಂಡ. ಇಂದು ಹಳೆಯ ಲಾಂದ್ ಹೇಗಿತ್ತೆಂದು ಯಾರಿಗಾದರೂ ಗೊತ್ತಿದ್ದರೆ ಅದಕ್ಕೆ ಈ ಹುಚ್ಚನೇ ಕಾರಣ.

ಹೀಗೆ 20ನೇ ಶತಮಾನ ಬರುವ ಹೊತ್ತಿಗೆ ಬಿಸ್ಕರೋಸ್ ಎಂದರೆ ಪೈನ್ ಕಾಡಿನ ನಡುವಿನ ರಾಳದ ಊರು. ಹೊರಗಿನವರಿಗೆ ತೋರಿಸಲು ಊರ ನಡುವೆ ಒಂದು ಮುದಿ ಎಲ್ಮ್ ಮರವಿತ್ತು. ಮಾಡದ ತಪ್ಪಿಗೆ ಅವಮಾನ ಉಂಡು ಆ ಮರದಡಿ ಪ್ರಾಣಬಿಟ್ಟ ಆದೆಲಿನ್ ಎಂಬ ಹುಡುಗಿಯ ಕಥೆ ಹೇಳುತ್ತಿದ್ದರು. ಪ್ರತಿ ವಸಂತದಲ್ಲೂ ಮರದ ಮೇಲೆ ಬಿಳಿಯ ಕಿರೀಟವೊಂದು ಅರಳಿ ಅವಳ ನಿರಪರಾಧವನ್ನು ಸಾರುತ್ತದೆ ಎನ್ನುತ್ತಿದ್ದರು. ಆ ಊರಿಗೆ 1930ರಲ್ಲಿ ತುಲೂಸಿನಿಂದ ಎಂಜಿನಿಯರುಗಳು ಬಂದರು.

ಅವರನ್ನು ಕಳಿಸಿದವನು ಪಿಯೆರ್-ಜಾರ್ಜ್ ಲಾತೆಕೊಯೆರ್. ಮೊದಲ ಮಹಾಯುದ್ಧದಲ್ಲಿ ವಿಮಾನ ತಯಾರಿಸಲು ತೊಡಗಿದ ಈ ಉದ್ಯಮಿ, ಯುದ್ಧ ಮುಗಿದ ಒಂದೂವರೆ ತಿಂಗಳಿಗೇ, 1918ರ ಕ್ರಿಸ್‌ಮಸ್ ದಿನ, ತುಲೂಸಿನಿಂದ ಬಾರ್ಸಿಲೋನಾಕ್ಕೆ ವಿಮಾನ ಹಾರಿಸಿ ತೋರಿಸಿದ. ಅವನ ಕನಸು ಅಂಚೆ. ಸ್ಪೇನ್, ಮೊರೊಕ್ಕೊ, ಡಾಕರ್ ದಾಟಿ ದಕ್ಷಿಣ ಅಮೆರಿಕದವರೆಗೆ ಕಾಗದಗಳು ಆಕಾಶದಲ್ಲಿ ಹೋಗಬೇಕು. ಆಫ್ರಿಕಾದ ದಡದವರೆಗೆ ದಾರಿ ಆಯಿತು, ಮುಂದೆ ಸಾಗರ. 1930ರ ಮೇ 12ರಂದು ಜಾನ್ ಮೆರ್ಮೋಜ್ ಲಾತೆಕೊಯೆರ್ ವಿಮಾನಕ್ಕೆ ಗಾಲಿಯ ಬದಲು ತೇಲುಬುರುಡೆ ಕಟ್ಟಿಕೊಂಡು ಸೆನೆಗಲ್ಲಿನ ಸೇಂಟ್ ಲೂಯಿಯಿಂದ ಹೊರಟು, ಸುಮಾರು 21 ತಾಸಿನಲ್ಲಿ ಬ್ರೆಜಿಲಿನ ನಟಾಲ್ ಮುಟ್ಟಿದ. ಜೊತೆಗೆ ದಾರಿ ನೋಡುವ ದಾಬ್ರಿ, ರೇಡಿಯೋ ಹಿಡಿದ ಗಿಮಿಯೆ. ವಿಮಾನದಲ್ಲಿದ್ದದ್ದು ಅಂಚೆಚೀಲ.

ಸಾಗರ ದಾಟುವ ವಿಮಾನ ನೀರಿನಿಂದಲೇ ಏಳಬೇಕು ಎಂದು ಆ ಕಾಲದವರು ನಂಬಿದ್ದನ್ನು ಈಗ ನಾವು ಹಗುರವಾಗಿ ಕಾಣಬಾರದು. ಅಂದಿನ ವಿಮಾನ ನಿಲ್ದಾಣ ಎಂದರೆ ಬಹುತೇಕ ಹುಲ್ಲುಬಯಲು. ಸಾಗರ ದಾಟುವಷ್ಟು ಪೆಟ್ರೋಲ್ ತುಂಬಿದ ವಿಮಾನದ ಭಾರ ತಾಳುವ ನೆಲವಾಗಲಿ, ಅದು ಓಡಿ ಏಳುವಷ್ಟು ಉದ್ದದ ಪಟ್ಟಿಯಾಗಲಿ ಎಲ್ಲೂ ಇರಲಿಲ್ಲ. ನೀರಿಗೆ ಆ ತೊಂದರೆಯಿಲ್ಲ. ಎಷ್ಟು ಉದ್ದ ಬೇಕೋ ಅಷ್ಟು ಓಡು, ಎಷ್ಟು ಭಾರ ಬೇಕೋ ಅಷ್ಟು ಹೇರು. ಎಂಜಿನ್ ಕೆಟ್ಟು ನಡುಗಡಲಲ್ಲಿ ಇಳಿಯಬೇಕಾದರೆ ಹೊಟ್ಟೆಯೇ ದೋಣಿ. ಆದರೆ ಕಡಲಿನಲ್ಲಿ ಅಲೆಯಿದೆ, ಉಬ್ಬರವಿಳಿತವಿದೆ, ಲೋಹ ತಿನ್ನುವ ಉಪ್ಪಿದೆ. ಕಡಲಿಗೆ ಹತ್ತಿರವಿರುವ, ಕಡಲಿನ ಕಾಟವಿಲ್ಲದ ನೀರು ಬೇಕಿತ್ತು. ಬಿಸ್ಕರೋಸಿನ ಕೆರೆ ಅಗಲ, ಆಳ, ಸಿಹಿ. ಪಶ್ಚಿಮದ ಗಾಳಿಯನ್ನು ದಿಬ್ಬವೂ ದಿಬ್ಬದ ಮೇಲಿನ ಪೈನ್ ಕಾಡೂ ತಡೆಯುತ್ತವೆ. ಊರುಗಳನ್ನು ಮುಳುಗಿಸಿದ ಮರಳು, ಕುರುಬರನ್ನು ಎಬ್ಬಿಸಿದ ಮರ, ಇವೆರಡೂ ಸೇರಿ ಆ ನೀರನ್ನು ಅಲುಗದಂತೆ ಕಾದಿಟ್ಟಿದ್ದವು.

ದಕ್ಷಿಣದ ಸರೋವರದ ದಂಡೆಯ ಉರ್ತಿಕೆ ಎಂಬಲ್ಲಿ ಹ್ಯಾಂಗರ್ ಎದ್ದಿತು. ತುಲೂಸಿನ ಕಾರ್ಖಾನೆಯಲ್ಲಿ ತಯಾರಾದ ರೆಕ್ಕೆ, ಒಡಲು, ಎಂಜಿನ್ನುಗಳು ಬಿಡಿಬಿಡಿಯಾಗಿ ರಸ್ತೆಯಲ್ಲಿ ಬರುತ್ತಿದ್ದವು. ಇಲ್ಲಿ ಜೋಡಿಸಿ, ನೀರಿಗಿಳಿಸಿ, ಹಾರಿಸಿ ನೋಡುವುದು. 1935ರ ಜನವರಿಯಲ್ಲಿ ಇಲ್ಲಿಂದ ಮೊದಲ ಬಾರಿ ಎದ್ದ ಲಾತೆಕೊಯೆರ್ 521 ಆವರೆಗೆ ಫ್ರಾನ್ಸ್ ಕಂಡಿದ್ದ ಯಾವ ವಿಮಾನದಂಥದ್ದೂ ಅಲ್ಲ. ಆರು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 49 ಮೀಟರ್, ಒಳಗೆ ಎರಡು ಅಂತಸ್ತು. ಮೇಜು ಕುರ್ಚಿಯ ಹಜಾರ, ಮಲಗುವ ಕೋಣೆ, ಅಡುಗೆಮನೆ, ಎಲ್ಲವೂ ಹಡಗಿನಲ್ಲಿರುವ ಹಾಗೆ. ಅದಕ್ಕೆ ಇಟ್ಟ ಹೆಸರು 'ಲಿಯುತ್ನಾಂ ದ ವೆಸೊ ಪಾರಿ': 1934ರಲ್ಲಿ ಅಪಘಾತದಲ್ಲಿ ತೀರಿಕೊಂಡ ನೌಕಾದಳದ ಪೈಲಟ್, ಲೆಫ್ಟಿನೆಂಟ್ ಪಾರಿಯ ನೆನಪಿಗೆ. 1935ರ ಡಿಸೆಂಬರಿನಲ್ಲಿ ಕೆರಿಬಿಯನ್ನಿನ ಕೆಲವು ದ್ವೀಪಗಳು ಫ್ರಾನ್ಸಿನ ಕೈಸೇರಿ 300 ವರ್ಷವಾದ ಉತ್ಸವಕ್ಕೆಂದು ಡಾಕರ್, ನಟಾಲ್ ಮಾರ್ಗವಾಗಿ ಅದನ್ನು ಕಳಿಸಿದರು. ದ್ವೀಪಗಳಿಂದ ಮುಂದೆ ಅಮೆರಿಕದ ಪೆನ್ಸಕೋಲಾಕ್ಕೆ ಹೋಗಿ ಲಂಗರು ಹಾಕಿದಾಗ ಬಿರುಗಾಳಿ ಅದನ್ನು ಮಗುಚಿತು. ಮೇಲೆತ್ತಿ, ಬಿಚ್ಚಿ, ಹಡಗಿನಲ್ಲಿ ತಂದು, ಮತ್ತೆ ಕಟ್ಟಿದರು.

ಹಾಗೆ ಮರುಹುಟ್ಟು ಪಡೆದ ವಿಮಾನವನ್ನು ನಡೆಸಿದವನು ಆಂರಿ ಗಿಯೋಮೆ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. 1930ರ ಜೂನ್‌ನಲ್ಲಿ ಅಂಚೆ ಹೊತ್ತು ಆಂಡೀಸ್ ಪರ್ವತ ದಾಟುವಾಗ ಹಿಮಬಿರುಗಾಳಿಗೆ ಸಿಕ್ಕಿ ಎತ್ತರದ ಸರೋವರವೊಂದರ ದಂಡೆಯಲ್ಲಿ ಅವನ ವಿಮಾನ ಬಿತ್ತು. ಐದು ಹಗಲು ನಾಲ್ಕು ರಾತ್ರಿ ಹಿಮದಲ್ಲಿ ನಡೆದು ಬದುಕಿ ಬಂದ. ಆ ನಡಿಗೆಯನ್ನು ಅವನ ಗೆಳೆಯ ಸಾಂತೆಕ್ಸ್ಯುಪೆರಿ, ಮುಂದೆ 'ದ ಲಿಟ್ಲ್ ಪ್ರಿನ್ಸ್' ಬರೆದವನು, 1939ರ ತನ್ನ ಪುಸ್ತಕದಲ್ಲಿ ಹೇಳಿ, ಪುಸ್ತಕವನ್ನು ಗಿಯೋಮೆಗೇ ಅರ್ಪಿಸಿದ. 1938ರ ಆಗಸ್ಟ್ ಕೊನೆಗೆ ಗಿಯೋಮೆ ಬಿಸ್ಕರೋಸಿನಿಂದ ಹೊರಟು ಲಿಸ್ಬನ್, ಅಜೋರ್ಸ್ ದ್ವೀಪಗಳ ಮೇಲೆ ಹಾದು ನ್ಯೂಯಾರ್ಕ್ ತಲುಪಿದ. ಮರುವರ್ಷ ಜುಲೈಯಲ್ಲಿ ಮತ್ತೆ ಹೊರಟಾಗ ಗೆಳೆಯ ಸಾಂತೆಕ್ಸ್ಯುಪೆರಿಯೂ ಜೊತೆಗೆ ಹತ್ತಿದ. ಬರುವಾಗ ಎಲ್ಲೂ ಇಳಿಯಲಿಲ್ಲ. ನ್ಯೂಯಾರ್ಕಿನಿಂದ ಬಿಸ್ಕರೋಸಿಗೆ ಒಂದೇ ಉಸಿರಿನಲ್ಲಿ 5,875 ಕಿಲೋಮೀಟರ್, 28 ಗಂಟೆ 27 ನಿಮಿಷ. ಅಮೆರಿಕದ ಪ್ಯಾನ್ ಆಮ್ ಕಂಪನಿಯ 'ಯಾಂಕಿ ಕ್ಲಿಪ್ಪರ್' ಕೂಡ ಆ ವರ್ಷ ದಾರಿ ನೋಡಲು ಬಂದು ಇದೇ ಕೆರೆಯಲ್ಲಿ ಇಳಿದಿತ್ತು. ಕುಡಿಕೆಯಲ್ಲಿ ರಾಳ ತುಂಬುವುದನ್ನು ಕಾಯುತ್ತಿದ್ದ ಊರಿನ ನೆತ್ತಿಯ ಮೇಲೆ ನ್ಯೂಯಾರ್ಕಿನಿಂದ ಬಂದ ಆರು ಎಂಜಿನ್ನುಗಳ ಸದ್ದು.

ಆ ಹೊತ್ತಿಗೆ ಮೆರ್ಮೋಜ್ ಇರಲಿಲ್ಲ. 1936ರ ಡಿಸೆಂಬರ್ 7ರಂದು, ತ್ರಿಶಂಕು ನಕ್ಷತ್ರಪುಂಜದ ಫ್ರೆಂಚ್ ಹೆಸರು ಹೊತ್ತ 'ಕ್ರುವಾ ದ್ಯು ಸುದ್' ಎಂಬ ಲಾತೆಕೊಯೆರ್ 300 ವಿಮಾನದಲ್ಲಿ ಡಾಕರ್ ಬಿಟ್ಟು ಹೊರಟವನು, ಬಲಗಡೆಯ ಹಿಂದಿನ ಎಂಜಿನ್ ನಿಲ್ಲಿಸುತ್ತಿದ್ದೇವೆಂಬ ರೇಡಿಯೋ ಸಂದೇಶದ ನಂತರ ಸಿಗಲಿಲ್ಲ. ಜೊತೆಗೆ ಇನ್ನೂ ನಾಲ್ವರಿದ್ದರು. ಗಿಯೋಮೆಯೂ ಎರಡನೇ ಮಹಾಯುದ್ಧ ಮುಗಿಯುವವರೆಗೆ ಉಳಿಯಲಿಲ್ಲ. 1940ರ ನವೆಂಬರ್ 27ರಂದು ಮೆಡಿಟರೇನಿಯನ್ ಮೇಲೆ ಅವನು ನಡೆಸುತ್ತಿದ್ದ ವಿಮಾನವನ್ನು ಹೊಡೆದುರುಳಿಸಿದರು.

ಜರ್ಮನರು ಅಟ್ಲಾಂಟಿಕ್ ಕರಾವಳಿಯನ್ನು ಹಿಡಿದಾಗ ಬಿಸ್ಕರೋಸಿನ ನೀರನ್ನೂ ಬಿಡಲಿಲ್ಲ. ಅವರ ಬಿವಿ 222 ಎಂಬ ಆರು ಎಂಜಿನ್ನಿನ ದೈತ್ಯ ಹಾರುದೋಣಿಗಳು ಇಲ್ಲಿ ಲಂಗರು ಹಾಕಿದವು. 1943ರ ಜೂನ್‌ನಲ್ಲಿ ಬ್ರಿಟಿಷ್ ಮಸ್ಕೀಟೋ ವಿಮಾನಗಳು ಕೆಳಮಟ್ಟದಲ್ಲಿ ಎರಗಿ ಅಂಥ ಎರಡನ್ನು ನೀರಿನಲ್ಲಿ ನಿಂತಲ್ಲೇ ನಾಶಮಾಡಿದವು. ಅದೇ ವರ್ಷ ಲಾತೆಕೊಯೆರ್ ತೀರಿಕೊಂಡ. 1944ರ ಆಗಸ್ಟಿನಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನರು ದಕ್ಷಿಣ ಫ್ರಾನ್ಸಿನ ಬೆರ್ ಸರೋವರದಲ್ಲಿದ್ದ 'ಲಿಯುತ್ನಾಂ ದ ವೆಸೊ ಪಾರಿ'ಯನ್ನು ಹಾಳುಗೆಡವಿ ಹೋದರು.

ಲಾತೆಕೊಯೆರ್ ಬಿಟ್ಟುಹೋದ ಕೊನೆಯ ದೊಡ್ಡ ಕೆಲಸ ಮಾತ್ರ ಉಳಿದಿತ್ತು, ಲಾತೆಕೊಯೆರ್ 631. ರೆಕ್ಕೆ 57 ಮೀಟರ್, 46 ಪ್ರಯಾಣಿಕರು. ಪ್ರಯಾಣಿಕರ ಸೇವೆಗಿಳಿದ ಹಾರುದೋಣಿಗಳಲ್ಲಿ ಅದಕ್ಕಿಂತ ದೊಡ್ಡದು ಬೇರೊಂದಿಲ್ಲ. ಮೊದಲನೆಯದು 1942ರಲ್ಲಿ ಹಾರಿತು. ಜರ್ಮನರು ಅದನ್ನು ಕಿತ್ತುಕೊಂಡು ಕಾನ್‌ಸ್ಟನ್ಸ್ ಸರೋವರಕ್ಕೆ ಒಯ್ದರು, 1944ರಲ್ಲಿ ಬ್ರಿಟಿಷರ ದಾಳಿಗೆ ಅಲ್ಲೇ ಮುಗಿಯಿತು. ಎರಡನೆಯದನ್ನು ಜರ್ಮನರ ಕೈಗೆ ಸಿಗದಂತೆ ಬಚ್ಚಿಟ್ಟು ಉಳಿಸಿಕೊಂಡು, 1945ರ ಮಾರ್ಚ್‌ನಲ್ಲಿ ಬಿಸ್ಕರೋಸಿನಿಂದ ಹಾರಿಸಿದರು. ಸೋತು, ಹಸಿದು, ನಾಲ್ಕು ವರ್ಷ ತಲೆತಗ್ಗಿಸಿ ಬದುಕಿದ ದೇಶ ಅದು. ಆ ಬಿಳಿಯ ದೈತ್ಯ ನೀರು ಬಿಟ್ಟೇಳುವುದನ್ನು ನೋಡಿದವರಿಗೆ ಏನನ್ನಿಸಿರಬೇಕೆಂದು ಊಹಿಸಬಲ್ಲೆ. ಒಟ್ಟು 11 ಕಟ್ಟಿದರು.

ದುರದೃಷ್ಟ ಮೊದಲ ವರ್ಷವೇ ಬೆನ್ನು ಹತ್ತಿತು. 1945ರ ಅಕ್ಟೋಬರ್ 31ರಂದು, ದಕ್ಷಿಣ ಅಮೆರಿಕದ ಪ್ರವಾಸದಲ್ಲಿ, ಪ್ರೊಪೆಲರಿನ ಅಲಗೊಂದು ಕಳಚಿ ಒಡಲನ್ನು ಸೀಳಿ ಒಳಗಿದ್ದ ಇಬ್ಬರನ್ನು ಕೊಂದಿತು. ವಿಮಾನವನ್ನು ಉರುಗ್ವೆಯ ಕರಾವಳಿಯ ಸರೋವರವೊಂದರಲ್ಲಿ ಹೇಗೋ ಇಳಿಸಿದರು. 1947ರ ಜುಲೈಯಲ್ಲಿ ಏರ್ ಫ್ರಾನ್ಸ್ ಬಿಸ್ಕರೋಸಿನಿಂದ ಪ್ರಯಾಣಿಕರ ಸೇವೆ ಆರಂಭಿಸಿತು: ಆಫ್ರಿಕಾದ ಪೋರ್ತ್ ಎತಿಯೆನ್, ಅಂದರೆ ಇಂದಿನ ಮಾರಿಟೇನಿಯಾದ ನುವಾಧಿಬು, ಅಲ್ಲಿಂದ ಸಾಗರದಾಚೆಯ ಮಾರ್ಟಿನಿಕ್ ದ್ವೀಪದ ಫೋರ್ ದ ಫ್ರಾನ್ಸ್. ಪೈನ್ ಕಾಡಿನ ನಡುವೆ ಬಂದು, ಕೆರೆಯ ದಂಡೆಯಲ್ಲಿ ಹತ್ತಿ, ಕೆರಿಬಿಯನ್ನಿನಲ್ಲಿ ಇಳಿಯುವುದು. ಇದು ಒಂದೇ ಒಂದು ವರ್ಷ ನಡೆಯಿತು. 1948ರ ಫೆಬ್ರವರಿಯಲ್ಲಿ ಒಂದು 631 ಇಂಗ್ಲಿಷ್ ಕಾಲುವೆಯಲ್ಲಿ ಬಿದ್ದು 19 ಜನ ಸತ್ತರು. ಆಗಸ್ಟ್ 1ರಂದು, ಮಾರ್ಟಿನಿಕ್‌ನಿಂದ ಮರಳುತ್ತಿದ್ದ ಇನ್ನೊಂದು, 52 ಜನರೊಡನೆ ಅಟ್ಲಾಂಟಿಕ್ ನಡುವೆ ಕಾಣೆಯಾಯಿತು. ಹುಡುಕಿ ಹೋದ ಹಡಗಿಗೆ ಸಿಕ್ಕಿದ್ದು ಚೂರುಗಳು. ಏರ್ ಫ್ರಾನ್ಸ್ ಸೇವೆ ನಿಲ್ಲಿಸಿತು.

ಏಕೆ ಹೀಗಾಯಿತೆಂದು ತಿಳಿಯಲೇಬೇಕೆಂದು ಹೊರಟವರೂ ಬದುಕಲಿಲ್ಲ. 1950ರ ಮಾರ್ಚ್ 28ರಂದು ಪರೀಕ್ಷೆಗೆಂದು ಹಾರಿಸಿದ ವಿಮಾನ ಕಾಪ್ ಫೆರೆ ಬಳಿ, ಬಿಸ್ಕರೋಸಿಗೆ ಹೆಚ್ಚು ದೂರವಲ್ಲದ ಕಡಲಿನಲ್ಲಿ ಬಿತ್ತು. 12 ಜನ ಹೋದರು. ರೆಕ್ಕೆಯ ಅಂಚಿನ ನಿಯಂತ್ರಣದಲ್ಲಿ ದೋಷವಿತ್ತು ಎಂಬುದು ಆಗ ತಿಳಿಯಿತು. ಹನ್ನೆರಡು ಜೀವ ಕೊಟ್ಟು ಪಡೆದ ಆ ಉತ್ತರಕ್ಕೆ ಕಾಯುತ್ತಿದ್ದ ಪ್ರಯಾಣಿಕರು ಆಗ ಯಾರೂ ಇರಲಿಲ್ಲ. ಯುದ್ಧದ ವರ್ಷಗಳಲ್ಲಿ ಬಾಂಬರುಗಳಿಗಾಗಿ ಲೋಕದ ತುಂಬ ಕಾಂಕ್ರೀಟ್ ರನ್‌ವೇ ಹಾಸಿಯಾಗಿತ್ತು. 1946ರಲ್ಲೇ ಏರ್ ಫ್ರಾನ್ಸಿನ ನೆಲದ ವಿಮಾನಗಳು ಪ್ಯಾರಿಸ್ಸಿನಿಂದ ನ್ಯೂಯಾರ್ಕಿಗೆ ಹೋಗಿಬರುತ್ತಿದ್ದವು. ಉಳಿದ 631ಗಳಲ್ಲಿ ಒಂದನ್ನು ಆಫ್ರಿಕಾದಲ್ಲಿ ಹತ್ತಿ ಸಾಗಿಸಲು ಹಚ್ಚಿದರು. 1955ರ ಸೆಪ್ಟೆಂಬರ್ 10ರಂದು ಅದು ಕ್ಯಾಮರೂನಿನ ಬಿರುಗಾಳಿಯಲ್ಲಿ ಮುರಿದು ಬಿದ್ದು 16 ಜನ ಸತ್ತರು. ಮಿಕ್ಕವನ್ನು ಗುಜರಿಗೆ ಹಾಕಿದರು.

ಹ್ಯಾಂಗರುಗಳಲ್ಲಿ ಸದ್ದಡಗುತ್ತಿದ್ದಾಗಲೇ ಕೆರೆಯ ಎದುರು ದಂಡೆಯ ಪಾರಂತಿಯಲ್ಲಿ ಇನ್ನೊಂದು ಸದ್ದು ಶುರುವಾಗಿತ್ತು. 1954ರ ಮಾರ್ಚ್‌ನಲ್ಲಿ ಅಲ್ಲಿ, ಎರಡು ಸಾವಿರ ಮೀಟರಿಗೂ ಆಳದಲ್ಲಿ, ಪೆಟ್ರೋಲಿಯಂ ಸಿಕ್ಕಿತು. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಗಿ ಸಹಾರಾದ ಪರೀಕ್ಷಾ ನೆಲೆಗಳು ಫ್ರಾನ್ಸಿನ ಕೈತಪ್ಪುವ ಹೊತ್ತಿಗೆ, ಬಿಸ್ಕರೋಸಿನ ದಕ್ಷಿಣದ ದಿಬ್ಬಗಳನ್ನೂ ಕಾಡನ್ನೂ ಬೇಲಿ ಹಾಕಿ ಕ್ಷಿಪಣಿ ಪರೀಕ್ಷೆಗೆ ತೆಗೆದುಕೊಂಡರು. ಎಣ್ಣೆಯೂ ಕ್ಷಿಪಣಿಯೂ ಊರಿಗೆ ಸಂಬಳ ತಂದವು. ಆದರೂ ಉರ್ತಿಕೆಯ ದಂಡೆಯಲ್ಲಿ ಊರು ಕಟ್ಟಿಕೊಂಡದ್ದು ಹಾರುದೋಣಿಗಳ ಮ್ಯೂಸಿಯಂ. ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶಗಳ ಸೀಪ್ಲೇನುಗಳು ಈ ನೀರಿಗೆ ಬಂದಿಳಿಯುತ್ತವೆ. ಆದೆಲಿನಳ ಎಲ್ಮ್ ಮರ ಮಾತ್ರ ರೋಗ ತಗುಲಿ 2010ರಲ್ಲಿ ಸತ್ತಿತು.

2022ರ ಜುಲೈಯಲ್ಲಿ ಉತ್ತರದ ಲಾ ತೆಸ್ತ್ ಕಾಡಿಗೆ ಬೆಂಕಿ ಬಿತ್ತು. ಸಾವಿರಾರು ಹೆಕ್ಟೇರ್ ಪೈನ್ ಉರಿಯಿತು, ದಿಬ್ಬದ ಬುಡದ ಬಿಡಾರಗಳು ಸುಟ್ಟುಹೋದವು, ಹೊಗೆ ದಿನಗಟ್ಟಲೆ ಆಕಾಶ ಮುಚ್ಚಿತು. ಆಗ ಹಳದಿ ಕೆಂಪು ಬಣ್ಣದ ಕೆನಡೇರ್ ವಿಮಾನಗಳು ಸಾಲಾಗಿ ಕಾಜೋ ಸರೋವರಕ್ಕೆ ಇಳಿದವು. ಇವೂ ಹಾರುದೋಣಿಗಳೇ. ನಿಲ್ಲುವುದಿಲ್ಲ, ಲೋಸಾದ ಊರು ಮಲಗಿರುವ ಅದೇ ನೀರನ್ನು ಹೊಟ್ಟೆಯಿಂದ ಸವರುತ್ತ ಓಡಿ, ಹನ್ನೆರಡು ಸೆಕೆಂಡಿನಲ್ಲಿ 6,000 ಲೀಟರ್ ತುಂಬಿಕೊಂಡು, ಭಾರಕ್ಕೆ ತೊನೆಯುತ್ತ ಮೇಲೆದ್ದು, ಹೊಗೆಯ ಕಡೆ ತಿರುಗುತ್ತಿದ್ದವು. ಅವು ಮರಳಿ ಬರುವವರೆಗೆ ಅಲೆಗಳು ದಂಡೆಗೆ ಬಡಿದು ಬಡಿದು ಸುಮ್ಮನಾಗುತ್ತಿದ್ದವು.